ಗುತ್ತಿಗೆ ನೌಕರಿಯೂ ಸರ್ಕಾರವೂ

ಭೈರವಾನಿತಿಪ್ಪದ ನಮ್ಮ ಹುಡುಗರು ಬೆಂಗಳೂರಿನ ಬಸ್ಸು ಹತ್ತುವಾಗ ‘ಕಂಪೆನಿ ಕೆಲಸ’ ಎನ್ನುತ್ತಾರೆ. ಸಂಬಳದ ಚೀಟಿಯ ಮೇಲೆ ನೋಡಿದರೆ ಯಾವುದೋ ಏಜೆನ್ಸಿಯ ಹೆಸರು.

ಇದು ಹೊಸದೇನಲ್ಲ. ನಾನು ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದಾಗ ಶಾಖೆಯಲ್ಲಿ ನೀರು ತುಂಬಿ ಲೆಡ್ಜರ್ ಹೊರುವ ಹುಡುಗನೊಬ್ಬನಿದ್ದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿರಲಿಲ್ಲ. ಅವನ ಕೂಲಿಯನ್ನು ‘ಇತರೆ ಖರ್ಚು’ ಎಂದು ವೋಚರಿನಲ್ಲಿ ಬರೆಯುತ್ತಿದ್ದವನು ನಾನೇ. ಬಿಡಿಸಿದ ದಿನ ತೋರಿಸಲು ಅವನ ಬಳಿ ಒಂದು ಕಾಗದವೂ ಇರಲಿಲ್ಲ.

ಗುತ್ತಿಗೆದಾರನಿಗೆ ಲೈಸೆನ್ಸ್ ಬೇಕೆಂದು ಕೇಂದ್ರವು 1970ರಲ್ಲಿಯೇ ಕಾಯ್ದೆ ಮಾಡಿತು. ವರ್ಷಪೂರ್ತಿ ನಡೆಯುವ ಕೆಲಸಕ್ಕೆ ಗುತ್ತಿಗೆಯನ್ನು ನಿಷೇಧಿಸುವ ಅಧಿಕಾರವನ್ನೂ ಸರ್ಕಾರಕ್ಕೆ ಕೊಟ್ಟಿತು. ಆದರೆ ನಿಷೇಧವಾದ ಮಾತ್ರಕ್ಕೆ ಕಾರ್ಮಿಕರು ಕಾಯಂ ಆಗುವುದಿಲ್ಲವೆಂದು ಸುಪ್ರೀಂ ಕೋರ್ಟು 2001ರಲ್ಲಿ ಹೇಳಿತು. ಸರ್ಕಾರಿ ದಿನಗೂಲಿಯವರಿಗೂ ಕಾಯಂ ಆಗುವ ಹಕ್ಕಿಲ್ಲವೆಂದು ಕರ್ನಾಟಕದ ಉಮಾದೇವಿ ಪ್ರಕರಣದಲ್ಲಿ 2006ರಲ್ಲಿ ತೀರ್ಪಾಯಿತು. ಅತ್ತ ಬೆಂಗಳೂರಿನ ಟೀಮ್‌ಲೀಸ್, ಕ್ವೆಸ್ ಕಂಪೆನಿಗಳು ಆಳು ಒದಗಿಸುತ್ತಲೇ ಬೆಳೆದು 2016ರಲ್ಲಿ ಷೇರುಪೇಟೆಗೂ ಬಂದವು.

ನಮ್ಮ ಆಂಧ್ರ ಸರ್ಕಾರವು ಮಧ್ಯವರ್ತಿಗಳ ಕಮಿಷನ್ ತಪ್ಪಿಸುತ್ತೇನೆಂದು 2020ರಲ್ಲಿ ಆಪ್ಕಾಸ್ ನಿಗಮವನ್ನು ಆರಂಭಿಸಿತು. ಒಳ್ಳೆಯದೇ. ಆದರೆ ಸರ್ಕಾರವೇ ಮೇಸ್ತ್ರಿಯಾಯಿತು, ನೌಕರಿ ಕಾಯಂ ಆಗಲಿಲ್ಲ!

ಹಳೆಯ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಹೊಸ ಸಂಹಿತೆ ಬಂದಿದೆ. ಮೊದಲು 20 ಗುತ್ತಿಗೆ ಕಾರ್ಮಿಕರಿದ್ದರೆ ಅನ್ವಯಿಸುತ್ತಿದ್ದುದು ಈಗ 50ಕ್ಕೆ ಏರಿದೆ. ಇದು ನನಗೆ ಹಿಡಿಸದ ಮಾತು. ಆದರೂ ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂಬ ನಿಯಮ ಉಳಿದಿದೆ. ನೇಮಕಾತಿ ಪತ್ರವೂ ಕಡ್ಡಾಯ. ತೆಲುಗಿನಲ್ಲಾಗಲಿ ಕನ್ನಡದಲ್ಲಾಗಲಿ, ಬಸ್ಸು ಹತ್ತುವ ಮೊದಲೇ ಅದನ್ನು ಕೇಳಿ ಪಡೆಯಿರಿ. ಪಿ.ಎಫ್. ನಂಬರನ್ನೂ ಬರೆದಿಟ್ಟುಕೊಳ್ಳಿ.