ದಾನದ ದ್ರವ್ಯವೂ ಊರವರ ಕೈಯೂ



ದಾನಕ್ಕೆ ದೇಶ, ಕಾಲ, ಪಾತ್ರಗಳೆಂಬ ಮೂರು ಅಂಗಗಳುಂಟೆಂಬುದು ಪಾಠಶಾಲೆಯ ಬಾಲಕನೂ ಬಲ್ಲ ವಿಷಯ. ಇವುಗಳಲ್ಲಿ ಪಾತ್ರವನ್ನು ಕುರಿತು, ಎಂದರೆ ಪಡೆಯುವವನ ಯೋಗ್ಯತೆಯನ್ನು ಕುರಿತು, ಪೂರ್ವಿಕರು ನಡೆಸಿದ ಚರ್ಚೆ ಅಪಾರವಾದುದು. ದೇಶವೆಂಬುದಕ್ಕೆ ಮಾತ್ರ ಕುರುಕ್ಷೇತ್ರವೇ ಮೊದಲಾದ ಪುಣ್ಯಸ್ಥಳವೆಂದು ಅರ್ಥ ಹೇಳಿ ವ್ಯಾಖ್ಯಾನಕಾರರು ಮುಂದಕ್ಕೆ ಸಾಗಿದರು. ಅದಕ್ಕಾಗಿ ಅವರನ್ನು ಆಕ್ಷೇಪಿಸಲಾಗದು; ಕೊಡುವವನೂ ಪಡೆಯುವವನೂ ಒಂದೇ ಅಂಗಳದಲ್ಲಿ ಎದುರುಬದುರಾಗಿ ನಿಲ್ಲುತ್ತಿದ್ದ ಕಾಲವದು. ಈಗಲಾದರೋ ಒಂದು ಖಂಡದಲ್ಲಿ ಕೊಟ್ಟ ಹಣವು ಮತ್ತೊಂದು ಖಂಡದ ಹಸಿದವನ ಬಳಿಗೆ ಹೋಗಬೇಕಾಗಿದೆ. ನಡುವೆ ಎಷ್ಟು ಕೈಗಳು, ಆ ಕೈಗಳು ಯಾರವು, ಕೊನೆಯಲ್ಲಿ ಸೌಟು ಹಿಡಿದವನಿಗೆ ಆ ಹಣದ ಮೇಲೆ ಏನಾದರೂ ಅಧಿಕಾರವುಂಟೆ ಎಂಬ ಪ್ರಶ್ನೆಗಳು ಆದುದರಿಂದ ಎದ್ದಿವೆ. ದೇಶವೆಂಬ ಆ ಮೊದಲನೆಯ ಅಂಗಕ್ಕೆ ಹೊಸ ವ್ಯಾಖ್ಯಾನ ಬೇಕಾಗಿರುವುದು ಇಲ್ಲಿಯೇ.

ಸೂಡಾನ್ ದೇಶದ ಸಂಗತಿಯೊಂದನ್ನೇ ನೋಡಿದರೆ ಸಾಕು. ಆಫ್ರಿಕಾ ಖಂಡದ ಈಶಾನ್ಯ ಭಾಗದಲ್ಲಿರುವ ಆ ನಾಡಿನವರು ಉತ್ತರ ಕರ್ನಾಟಕದವರಂತೆಯೇ ಜೋಳವನ್ನು ನೆಚ್ಚಿದವರು. ಹುಳಿ ಬರಿಸಿದ ಜೋಳದ ಹಿಟ್ಟಿನಿಂದ ಕಿಸ್ರಾ ಎಂಬ ತೆಳುವಾದ ರೊಟ್ಟಿಯನ್ನೂ, ಅಸೀದಾ ಎಂಬ ಮುದ್ದೆಯನ್ನೂ ಮಾಡಿ ಉಣ್ಣುವರು. 2023ನೆಯ ಇಸವಿ ಏಪ್ರಿಲ್ 15ರಂದು ರಾಜಧಾನಿಯಾದ ಖಾರ್ಟೂಮಿನಲ್ಲಿ ದೇಶದ ಸೈನ್ಯಕ್ಕೂ, ಕ್ಷಿಪ್ರ ಬೆಂಬಲ ಪಡೆಯೆಂಬ ಮತ್ತೊಂದು ದಂಡಿಗೂ ಯುದ್ಧ ಹತ್ತಿತು. ಕೆಲವೇ ದಿನಗಳಲ್ಲಿ ಹೊರದೇಶಗಳ ರಾಯಭಾರಿಗಳೂ, ದೊಡ್ಡ ಪರಿಹಾರಸಂಸ್ಥೆಗಳ ವಿದೇಶೀಯ ಅಧಿಕಾರಿಗಳೂ ನಗರವನ್ನು ಬಿಟ್ಟು ಹೊರಟರು. ಉಳಿದವರು ಊರವರು. ಅವರಲ್ಲಿ ತರುಣರೂ, ಉಪಾಧ್ಯಾಯರೂ, ವೈದ್ಯರೂ, ಮನೆವಾಳ್ತೆಯ ಹೆಂಗಸರೂ ಕೇರಿಕೇರಿಗಳಲ್ಲಿ ಒಂದುಗೂಡಿ ಮಂಡಲಿಗಳನ್ನು ಕಟ್ಟಿದರು. ಅವುಗಳಿಗೆ ಅವರು ಇಟ್ಟ ಅರಬ್ಬೀ ಹೆಸರಿನ ಅರ್ಥ ಆಪತ್ಕಾಲದ ಕೊಠಡಿಗಳು ಎಂದು. ಗಾಯಗೊಂಡವರನ್ನು ಸಾಗಿಸುವುದು, ಕೆಟ್ಟುಹೋದ ನೀರಿನ ಕೊಳವೆಯನ್ನು ಸರಿಪಡಿಸುವುದು, ಮುಚ್ಚಿದ ಆಸ್ಪತ್ರೆಗೆ ಮದ್ದು ಒದಗಿಸುವುದು, ಎಲ್ಲಕ್ಕಿಂತ ಮಿಗಿಲಾಗಿ ಸಾಮೂಹಿಕ ಅಡಿಗೆಮನೆಗಳಲ್ಲಿ ಹುರುಳಿಯಂಥ ಕಾಳನ್ನೂ ಬೇಳೆಯನ್ನೂ ಬೇಯಿಸಿ ಬಡಿಸುವುದು ಅವರ ಕಾರ್ಯವಾಯಿತು.

ಈ ಅಡಿಗೆಮನೆಗಳಿಗೆ ಅವರು ತಕಿಯಾ ಎಂದು ಕರೆಯುವರು. ಸೂಫೀ ಸಾಧುಗಳ ನೆಲೆಯಲ್ಲಿ ಬಂದವರಿಗೆಲ್ಲ ಅನ್ನವಿಕ್ಕುತ್ತಿದ್ದ ಶಾಲೆಗಳ ಹೆಸರದು. ಫಕೀರರ ನೆಲೆಗೆ ತಕ್ಯಾ ಎಂಬ ಹೆಸರು ಕನ್ನಡ ನಾಡಿನಲ್ಲಿಯೂ ಕೇಳಿಬರುವುದನ್ನು ಹಿರಿಯರು ಬಲ್ಲರು. ಹೀಗೆ ಕೂಡುವ ಸಂಪ್ರದಾಯಕ್ಕೆ ಅಲ್ಲಿ ನಫೀರ್ ಎಂಬ ಹಳೆಯ ಮಾತು ಉಂಟು. ಸುಗ್ಗಿಗೂ ಮನೆ ಕಟ್ಟುವುದಕ್ಕೂ ಊರೆಲ್ಲ ಒಂದಾಗಿ ದುಡಿಯುವ ಪದ್ಧತಿ, ಇಲ್ಲಿಯ ಒಕ್ಕಲಿಗರ ಮುಯ್ಯಾಳಿನಂತಹುದು. 2013ರಲ್ಲಿ ಖಾರ್ಟೂಮಿಗೆ ನೆರೆ ಬಂದಾಗ ತರುಣರು ಇದೇ ಹೆಸರಿನಿಂದ ಸಂಘಟಿತರಾಗಿ ಜನರಿಗೆ ನೆರವಾಗಿದ್ದರು. 2018-19ರಲ್ಲಿ ದೊರೆತನದ ಅಧ್ಯಕ್ಷ ಒಮರ್ ಅಲ್ ಬಶೀರರನ್ನು ಇಳಿಸಿದ ಜನಾಂದೋಲನವನ್ನು ನಡೆಸಿದ ಕೇರಿಯ ಸಮಿತಿಗಳೇ ಈ ಕೊಠಡಿಗಳಿಗೆ ತಳಹದಿಯಾದವು. ಎಂದ ಮೇಲೆ ಹೊರಗಿನಿಂದ ಯಾರೋ ಬಂದು ಸ್ಥಾಪಿಸಿದ ಸಂಸ್ಥೆಗಳು ಇವಲ್ಲ. ಹತ್ತು ವರುಷಗಳ ಕೂಡಿಬಾಳುವಿಕೆಯ ಅಭ್ಯಾಸವೇ ಅವರ ಮೂಲಧನವಾಗಿತ್ತು.

ಈಗ ಹಣದ ಮಾತು. ಇಂತಹ ಊರಿನ ಮಂಡಲಿಗಳ ಕೈಗೇ ಪರಿಹಾರದ್ರವ್ಯ ಸೇರಬೇಕೆಂಬ ತತ್ತ್ವವನ್ನು ಜಗತ್ತಿನ ದಾತೃಗಳು ಒಪ್ಪಿಲ್ಲವೆಂದು ಹೇಳುವಂತಿಲ್ಲ. 2016ನೆಯ ಮೇ ತಿಂಗಳಲ್ಲಿ ಇಸ್ತಾಂಬುಲ್ ನಗರದಲ್ಲಿ ವಿಶ್ವಸಂಸ್ಥೆಯು ನೆರೆಯಿಸಿದ ಮಹಾಸಭೆಯಲ್ಲಿ, 2020ರೊಳಗಾಗಿ ಪರಿಹಾರಹಣದಲ್ಲಿ ನೂರಕ್ಕೆ 25 ಪಾಲು ಸಾಧ್ಯವಾದಷ್ಟು ನೇರವಾಗಿ ಆಯಾ ದೇಶದ, ಆಯಾ ಊರಿನ ಸಂಸ್ಥೆಗಳಿಗೆ ಸಲ್ಲತಕ್ಕದ್ದೆಂದು ದೊಡ್ಡ ದಾತೃರಾಷ್ಟ್ರಗಳೂ ಸಂಸ್ಥೆಗಳೂ ಮಾತು ಕೊಟ್ಟವು. ಮಾತಿನ ಗಡುವು ಬಂದಿತು. ನೇರವಾಗಿ ಸಂದುದು ನೂರಕ್ಕೆ 5ನ್ನೂ ಮುಟ್ಟಿರಲಿಲ್ಲ. ಅಮೆರಿಕಾ ಸರ್ಕಾರದ ವಿದೇಶಸಹಾಯ ಇಲಾಖೆಯ ಮುಖ್ಯಸ್ಥೆಯಾಗಿದ್ದ ಸಮಂತಾ ಪವರ್ ಅವರು 2021ರ ನವಂಬರಿನಲ್ಲಿ ಅದೇ ಕಾಲುಭಾಗದ ಗುರಿಯನ್ನು 2025ಕ್ಕೆ ಇಟ್ಟರು. 2022ನೆಯ ಆರ್ಥಿಕ ವರ್ಷದಲ್ಲಿ ಅದು ಹತ್ತರಲ್ಲೊಂದು ಪಾಲಿನವರೆಗೆ ಬಂದಿತು. ಮರುವರ್ಷ ಕೊಂಚ ಕುಗ್ಗಿತು. 2025ರಲ್ಲಿ ಆ ಇಲಾಖೆಯೇ ಇಲ್ಲವಾಯಿತು.

ಇಷ್ಟು ದೊಡ್ಡವರು ಆಡಿದ ಮಾತು ನಡೆಯದೆ ಹೋದುದೇತಕ್ಕೆ? ದುರುದ್ದೇಶದಿಂದಲೆಂದು ಹೇಳಿಬಿಡುವುದು ಸುಲಭ, ಪರಂತು ಅದು ನಿಜವಲ್ಲ. ಕಾರಣವು ಕಡತಗಳಲ್ಲಿದೆ. ದಾತೃವು ಹಿಂದಿನ ವರುಷಗಳ ಲೆಕ್ಕತಪಾಸಣೆಯ ಪತ್ರಗಳನ್ನು ಬೇಡುವನು, ನೋಂದಾಯಿತ ಸಂಸ್ಥೆಯಾಗಿರಬೇಕೆನ್ನುವನು, ತನ್ನ ಭಾಷೆಯಲ್ಲಿ, ತನ್ನ ಮಾದರಿಯಲ್ಲಿ ನೂರಾರು ಪುಟಗಳ ಮನವಿಯನ್ನು ಬಯಸುವನು. ತೋಪಿನ ಗುಂಡು ಬೀಳುತ್ತಿರುವ ಕೇರಿಯಲ್ಲಿ ಬೇಳೆ ಬೇಯಿಸುತ್ತಿರುವವನು ಇವುಗಳನ್ನು ಎಲ್ಲಿಂದ ತಂದಾನು? ಆದುದರಿಂದ ದಾತೃವು ಆ ಪತ್ರಗಳನ್ನೆಲ್ಲ ಉಳ್ಳ ದೊಡ್ಡ ಸಂಸ್ಥೆಗೆ ಹಣ ಕೊಡುವನು. ಅದು ಮತ್ತೊಂದಕ್ಕೆ, ಅದು ಇನ್ನೊಂದಕ್ಕೆ. ಪ್ರತಿಯೊಂದು ಕೈಯಲ್ಲಿಯೂ ಕಚೇರಿಯ ಖರ್ಚು, ಸಂಬಳ, ಬಾಡಿಗೆಗಳೆಂದು ಒಂದು ಪಾಲು ನಿಲ್ಲುವುದು. ದೊಡ್ಡ ಸಂಸ್ಥೆಗೆ ಆ ಪಾಲನ್ನು ಸರ್ಕಾರದೊಡನೆ ಚರ್ಚಿಸಿ ಗೊತ್ತುಮಾಡಿಕೊಳ್ಳುವ ಶಕ್ತಿಯುಂಟು. ಕೊನೆಯ ಕೈಗೆ ಬಂದಾಗ ಬೇಳೆಗೆ ಮಾತ್ರ ಹಣ. ಸೌದೆ ತರುವ ಗಾಡಿಗೂ, ಲೆಕ್ಕ ಬರೆಯುವವನ ಹೊಟ್ಟೆಗೂ ಇಲ್ಲ. ನಷ್ಟದ ಭಯ ಮಾತ್ರ ಮೇಲಿನಿಂದ ಕೆಳಕ್ಕೆ ಸಂಪೂರ್ಣವಾಗಿ ಇಳಿಯುವುದು. ಸೂಡಾನಿನಲ್ಲಿ ಎರಡೂ ಪಕ್ಷದ ಸೈನಿಕರಿಂದ ಸೆರೆಹಿಡಿಯಲ್ಪಟ್ಟವರು, ಕೊಲ್ಲಲ್ಪಟ್ಟವರು ಈ ಸೌಟು ಹಿಡಿದ ಕೈಗಳವರೇ.

ಇಲ್ಲಿ ಒಂದು ವಾದವನ್ನು ನಿಂತು ವಿಚಾರಿಸಬೇಕಾಗಿದೆ. ಊರಿನ ಸಂಸ್ಥೆಗಳ ಮುಖಾಂತರ ಕೊಟ್ಟರೆ ಅದೇ ಕೆಲಸವು ನೂರಕ್ಕೆ 32ರಷ್ಟು ಮಿತವ್ಯಯದಿಂದ ನಡೆದೀತೆಂದು 2022ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಲೆಕ್ಕಹಾಕಿತು. ಸಂಬಳಗಳ ಅಂತರವೇ ಈ ಉಳಿತಾಯದ ಮುಖ್ಯಾಂಶ. ಈ ಅಂಕಿಯನ್ನು ಅನೇಕರು ಉತ್ಸಾಹದಿಂದ ಎತ್ತಿಹಿಡಿಯುವರು. ಲೆಕ್ಕ ಸರಿಯಿರಬಹುದು, ಆದರೆ ಅದನ್ನೇ ಮುಖ್ಯ ಕಾರಣವಾಗಿ ಮುಂದಿಡುವುದು ಯುಕ್ತವಲ್ಲ. ಅಗ್ಗದ ಕೂಲಿಯೆಂದು ಊರವರನ್ನು ಆರಿಸಿಕೊಂಡರೆ, ಅದು ಗೌರವವಾಗುವುದಿಲ್ಲ. ಊರವರಿಗೆ ಹಣ ಸಲ್ಲಬೇಕಾದುದು ಅವರು ಅಲ್ಲಿಯೇ ಇರುವ ಕಾರಣದಿಂದ; ಯಾವ ಮನೆಯಲ್ಲಿ ಮುದುಕಿಯೊಬ್ಬಳೇ ಇದ್ದಾಳೆ, ಯಾವ ಬೀದಿಯಲ್ಲಿ ಇಂದು ನಡೆಯಬಾರದು, ಯಾರು ಹಸಿದರೂ ಬಾಯಿಬಿಟ್ಟು ಕೇಳುವವರಲ್ಲ ಎಂಬುದನ್ನು ಅವರು ಬಲ್ಲ ಕಾರಣದಿಂದ; ನಾಳೆಯೂ ಆ ಮನೆಯ ಎದುರಿನಲ್ಲಿಯೇ ಬಾಳಬೇಕಾದವರಾದುದರಿಂದ. ಮೋಸ ಮಾಡಿದವನು ನೆರೆಯವರ ಮುಖವನ್ನು ನೋಡಬೇಕಾಗುವುದಷ್ಟೆ. ಯಾವ ತಪಾಸಣಾಧಿಕಾರಿಯೂ ಇದಕ್ಕಿಂತ ಕಠಿನವಾದ ತಪಾಸಣೆಯನ್ನು ಮಾಡಲಾರನು.

ಹಾಗೆಂದು ಆ ಕೊಠಡಿಗಳವರು ಲೆಕ್ಕವಿಲ್ಲದೆ ಖರ್ಚುಮಾಡುವರೆಂದು ತಿಳಿಯಬಾರದು. ಕೇರಿಯವರು ಕುಳಿತು ಅಗತ್ಯಗಳನ್ನು ಗೊತ್ತುಮಾಡಿ ಚಿಕ್ಕದೊಂದು ಪತ್ರದಲ್ಲಿ ಬರೆದು ಕಳುಹುವರು. ಹಣವು ಖಾರ್ಟೂಮ್ ಬ್ಯಾಂಕಿನ ಮೊಬೈಲ್ ವ್ಯವಸ್ಥೆಯ ಮೂಲಕ, ಬಹುಮಟ್ಟಿಗೆ ಹೊರನಾಡುಗಳಲ್ಲಿರುವ ಸೂಡಾನಿಗಳಿಂದ, ಬರುವುದು. ಕೊಂಡ ಸಾಮಾನಿನ ರಸೀದಿಗಳ ಚಿತ್ರಗಳನ್ನು ಎಲ್ಲರೂ ನೋಡುವಂತೆ ಹಂಚುವರು. 2024ರ ಫೆಬ್ರವರಿಯಲ್ಲಿ ದೇಶದ ಬಹುಭಾಗದಲ್ಲಿ ದೂರಸಂಪರ್ಕವೇ ಕಡಿದುಹೋದಾಗ ಹಣ ಬರುವ ದಾರಿ ಮುಚ್ಚಿ, ಅನೇಕ ಒಲೆಗಳು ಆರಿದವು. ಲೆಕ್ಕವಿಡುವ ಮನಸ್ಸು ಅವರಲ್ಲಿತ್ತು. ದಾತೃವಿನ ಮಾದರಿಯ ಕಾಗದ ಮಾತ್ರ ಇರಲಿಲ್ಲ.

ದಾತೃಗಳಲ್ಲಿಯೂ ಕೆಲವರು ಬೇರೆ ದಾರಿಯನ್ನು ಹಿಡಿದುದುಂಟು. 1914ರಲ್ಲಿಯೇ ಅಮೆರಿಕಾದ ಕ್ಲೀವ್‌ಲೆಂಡ್ ನಗರದಲ್ಲಿ ಫ್ರೆಡರಿಕ್ ಗಾಫ್ ಎಂಬ ಬ್ಯಾಂಕಿನ ಅಧ್ಯಕ್ಷರು, ಸತ್ತವರ ಉಯಿಲಿನ ಷರತ್ತುಗಳು ಕಾಲ ಮೀರಿದ ಮೇಲೂ ಬದುಕಿದವರನ್ನು ಕಟ್ಟಿಹಾಕುವುದನ್ನು ಕಂಡು ಬೇಸತ್ತು, ದತ್ತಿಗಳನ್ನೆಲ್ಲ ಒಂದು ನಿಧಿಯಲ್ಲಿ ಸೇರಿಸಿ, ಅದರ ವಿನಿಯೋಗವನ್ನು ಆಯಾ ಕಾಲದ ನಗರವಾಸಿಗಳ ಸಮಿತಿಯೇ ನಿರ್ಣಯಿಸುವಂತೆ ಏರ್ಪಡಿಸಿದರು. ಅಂತಹ ಊರಿನ ನಿಧಿಗಳು ಆ ಬಳಿಕ ಅನೇಕ ದೇಶಗಳಲ್ಲಿ ಹುಟ್ಟಿದವು. ಕೆನ್ಯಾ ದೇಶದಲ್ಲಿ 1997ರಲ್ಲಿ ಏರ್ಪಟ್ಟುದು ಅವುಗಳಲ್ಲೊಂದು. ಶಾಸನಗಳ ಕಲ್ಲಿನಲ್ಲಿ ನಂದಾದೀವಿಗೆಗೆ ಬಿಟ್ಟ ಭೂಮಿಯ ವಿವರವನ್ನು ಓದಿ, ಆ ಗುಡಿಯೇ ಹಾಳಾಗಿರುವುದನ್ನು ಕಂಡವರಿಗೆ ಗಾಫರ ಚಿಂತೆ ಹೊಸದಲ್ಲ. ಸಮೀಪಕಾಲದಲ್ಲಿ ಮೆಕೆಂಜಿ ಸ್ಕಾಟ್ ಎಂಬ ಶ್ರೀಮಂತ ಮಹಿಳೆಯು 2024ರ ಕೊನೆಯ ವರೆಗೆ ಎರಡು ಸಾವಿರಕ್ಕೂ ಮಿಕ್ಕ ಸಂಸ್ಥೆಗಳಿಗೆ 1900 ಕೋಟಿ ಡಾಲರುಗಳಿಗಿಂತ ಹೆಚ್ಚನ್ನು, ಹೀಗೆಯೇ ಬಳಸಬೇಕೆಂಬ ಷರತ್ತಿಲ್ಲದೆ ಕೊಟ್ಟರು. ಅದರ ಬಹುಭಾಗವು ಅವರ ದೇಶದಲ್ಲಿಯೇ ಸಂದುದು ನಿಜ. ಆದರೂ, ನಂಬಿ ಕೊಟ್ಟರೆ ಪಡೆದವನು ಕೆಡುವನೆಂಬ ಭೀತಿಗೆ ಅದೊಂದು ಉತ್ತರವಾಗಿದೆ.

ಈಗ ಅಹಿತವಾದ ಮಾತೊಂದನ್ನು ಆಡದೆ ವಿಧಿಯಿಲ್ಲ. ಊರೆಂದರೆ ಯಾರು? 2004ನೆಯ ಡಿಸೆಂಬರಿನಲ್ಲಿ ಸುನಾಮಿಯ ತೆರೆಗಳು ತಮಿಳುನಾಡಿನ ನಾಗಪಟ್ಟಣದ ತೀರವನ್ನು ಬಡಿದಾಗ, ಮೊದಲ ಗಳಿಗೆಯಲ್ಲಿ ಜೀವಗಳನ್ನುಳಿಸಿದವರು ಅಕ್ಕಪಕ್ಕದವರೇ. ಆದರೆ ಪರಿಹಾರವನ್ನು ಹಂಚುವಾಗ ದಲಿತರನ್ನು ದೂರವಿಟ್ಟವರೂ ಅಕ್ಕಪಕ್ಕದವರೇ. ಊರ ಹಿರಿಯರ ಕೈಗೆ ಬಂದ ಹಣವು ಊರ ಹೊರಗಿನ ಕೇರಿಗೆ ಹೋಗದಿದ್ದ ಉದಾಹರಣೆಗಾಗಿ ಬಹುದೂರ ಹುಡುಕಬೇಕಾಗಿಲ್ಲ. ಸೂಡಾನಿನಲ್ಲಿಯೂ ಹೆಂಗಸರು ತಮ್ಮ ಸಂಕಟಗಳು, ವಿಶೇಷವಾಗಿ ಸೈನಿಕರ ಅತ್ಯಾಚಾರಕ್ಕೊಳಗಾದವರ ಸಂಕಟಗಳು, ಎಲ್ಲರ ಸಭೆಯಲ್ಲಿ ಬಾಯಿಗೆ ಬಾರವೆಂದು ಕಂಡು ತಮ್ಮವೇ ಕೊಠಡಿಗಳನ್ನು ಬೇರೆಯಾಗಿ ಕಟ್ಟಿಕೊಳ್ಳಬೇಕಾಯಿತು. ಆದುದರಿಂದ ಹತ್ತಿರದ ಕೈಯೆಲ್ಲ ಶುದ್ಧಹಸ್ತವೆಂದು ನಂಬಿ ಕಣ್ಣುಮುಚ್ಚಿದರೆ ಪ್ರಮಾದವಾದೀತು. ದೂರದ ದಾತೃವಿಗೆ ಕೇಳುವ ಹಕ್ಕು ಇದೆ. ಆದರೆ ಅವನು ಕೇಳತಕ್ಕ ಪ್ರಶ್ನೆ ಬೇರೆ. ರಸೀದಿ ಎಲ್ಲಿ ಎಂಬುದಕ್ಕಿಂತ ಮೊದಲು, ಪಂಕ್ತಿಯ ಕೊನೆಯಲ್ಲಿ ಕುಳಿತವರು ಯಾರು, ಪಂಕ್ತಿಗೆ ಬಾರದವರು ಯಾರು ಎಂದು ಅವನು ಕೇಳಬೇಕು.

ದೂರದ ಹಣವೇ ಬೇಡ, ಊರು ತನ್ನನ್ನು ತಾನೇ ನೋಡಿಕೊಳ್ಳಲಿ ಎಂಬ ಮತ್ತೊಂದು ಪಕ್ಷವೂ ಉಂಟು. ಈ ಪಕ್ಷದ ಪರೀಕ್ಷೆಯೂ ಸೂಡಾನಿನಲ್ಲಿಯೇ ಆಯಿತು. 2025ನೆಯ ಜನವರಿ 20ರಂದು ಅಮೆರಿಕಾದ ಅಧ್ಯಕ್ಷರ ಆಜ್ಞೆಯಿಂದ ವಿದೇಶಸಹಾಯವು ತಟಸ್ಥವಾದಾಗ, ಆ ದೇಶದ ಸಾಮೂಹಿಕ ಅಡಿಗೆಮನೆಗಳಲ್ಲಿ 1100ಕ್ಕೂ ಹೆಚ್ಚು, ಎಂದರೆ ಐದರಲ್ಲಿ ಹತ್ತಿರಹತ್ತಿರ ನಾಲ್ಕು, ಕೆಲವೇ ವಾರಗಳಲ್ಲಿ ಮುಚ್ಚಿದವೆಂದು ವರದಿಯಾಯಿತು. ಸೇವೆ ಮಾಡುವ ಕೈಗಳು ಅಲ್ಲಿಯೇ ಇದ್ದವು, ಹಂಡೆಗಳು ಇದ್ದವು, ಕಾಳು ಇರಲಿಲ್ಲ. ಅದೇ ವರುಷ ಆ ಕೊಠಡಿಗಳಿಗೆ ನಾರ್ವೆಯ ರಾಫ್ಟೊ ಪ್ರಶಸ್ತಿಯೂ, ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ ಸಂದವು. ಜಗತ್ತಿಗೆ ಅವರನ್ನು ಕೊಂಡಾಡುವುದು ಅವರಿಗೆ ಕಾಳು ಕಳುಹುವುದಕ್ಕಿಂತ ಸುಲಭವಾಗಿ ತೋರಿತು.

ದಾಸೋಹದ ಮನೆಯಲ್ಲಿ ಬೆಳೆದವರಿಗೆ ಈ ವಿಷಯದ ಮರ್ಮವನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಕೊಟ್ಟವನೇ ದಾಸ. ಜೋಳದ ಚೀಲವನ್ನು ಗಾಡಿಯಲ್ಲಿ ಹೇರಿಕೊಂಡು ಬಂದ ಒಕ್ಕಲಿಗನು ಅದನ್ನು ಮಠದ ಉಗ್ರಾಣದಲ್ಲಿ ಇಳಿಸಿ ಹೋಗುವನಲ್ಲದೆ, ಯಾವ ಮಗುವಿಗೆ ಎಷ್ಟು ರೊಟ್ಟಿ ಬಡಿಸಬೇಕೆಂದು ಚೀಟಿ ಬರೆದಿಡುವುದಿಲ್ಲ. ಆ ನಿರ್ಣಯವು ಅಡಿಗೆಯ ಮನೆಯವರದು, ಮಗುವಿನ ಮುಖ ಕಂಡವರದು.

ದಾರ್ಫೂರ್ ಪ್ರಾಂತದ ಎಲ್ ಫಾಶರ್ ನಗರವು 2025ರಲ್ಲಿ ತಿಂಗಳುಗಟ್ಟಲೆ ಮುತ್ತಿಗೆಯಲ್ಲಿತ್ತು. ಧಾನ್ಯ ಮುಗಿದ ಮೇಲೆ ಅಲ್ಲಿಯ ತಕಿಯಾಗಳಲ್ಲಿ, ಎಣ್ಣೆ ತೆಗೆದ ಶೇಂಗಾದ ಹಿಂಡಿಯನ್ನು, ದನಗಳಿಗೆ ಹಾಕುವ ಹಿಂಡಿಯನ್ನು, ಕುದಿಸಿ ಬಡಿಸಿದರು. ಅಕ್ಟೋಬರ್ 26ರಂದು ನಗರವು ಕ್ಷಿಪ್ರ ಬೆಂಬಲ ಪಡೆಯ ವಶವಾಯಿತು. ತಪ್ಪಿಸಿಕೊಂಡವರು ಸುಮಾರು 60 ಕಿಲೋಮೀಟರು ಪಶ್ಚಿಮಕ್ಕಿರುವ ತವೀಲಾ ಎಂಬ ಚಿಕ್ಕ ಊರಿನ ದಾರಿ ಹಿಡಿದರು, ಬಹುಮಂದಿ ಕಾಲ್ನಡಿಗೆಯಲ್ಲಿ. ಆ ಊರು ಆಗಲೇ ನಿರಾಶ್ರಿತರಿಂದ ತುಂಬಿಹೋಗಿತ್ತು. ಅಲ್ಲಿಯ ಕೊಠಡಿಯವರು, ಅವರಲ್ಲಿ ಎಷ್ಟೋ ಜನ ತಾವೇ ಮನೆಮಾರು ಕಳೆದುಕೊಂಡು ಬಂದವರು, ಹೊಸದಾಗಿ ಬಂದವರಿಗೆ ನೀರು ಕೊಟ್ಟು ಒಲೆ ಹಚ್ಚಿದರು.