ಕೇಳದೆ ಕೊಟ್ಟ ತೀರ್ಪು



ಮನುಷ್ಯನ ಸ್ವಭಾವವನ್ನು ಸಾಹಿತ್ಯ ಹೇಗೆ ಬಗೆದು ನೋಡುತ್ತದೆ, ಒಂದು ಗಳಿಗೆಯಲ್ಲಿ ನಾವು ಮಾಡಿದ ನಿರ್ಧಾರ ನಮ್ಮನ್ನು ಎಲ್ಲಿಯವರೆಗೆ ಒಯ್ಯುತ್ತದೆ ಎಂಬುದು ಇವತ್ತು ನನಗೆ ಕೊಟ್ಟ ವಿಷಯ. ಮ್ಯಾಕ್‌ಬೆತ್, ಒಥೆಲೊ ಎಂದು ಶುರು ಮಾಡಬಹುದಿತ್ತು. ಆದರೆ ಗಂಗಾವತಿ ಸೀಮೆಯ ಕುಮ್ಮಟದುರ್ಗ ಇಲ್ಲೇ ಇರುವಾಗ ಅಷ್ಟು ದೂರ ಹೋಗುವ ಅಗತ್ಯ ನನಗೆ ಕಾಣಲಿಲ್ಲ.

ಆ ಕೋಟೆಯ ಕುಮಾರರಾಮನ ಕಥೆ ನಿಮಗೆ ಗೊತ್ತು. ಹದಿನಾರನೆಯ ಶತಮಾನದಲ್ಲಿ ನಂಜುಂಡ ಕವಿ ಅದನ್ನು ಸಾಂಗತ್ಯದಲ್ಲಿ ಬರೆದ, ಪಾಂಚಾಳ ಗಂಗನೂ ಬರೆದ. ಅದಲ್ಲದೆ ಅದು ಜನರ ಬಾಯಲ್ಲಿ ಹಾಡಾಗಿಯೂ ಉಳಿಯಿತು. ಅರಸ ಕಂಪಿಲರಾಯನ ಮಗ ರಾಮ ಗೆಳೆಯರ ಜೊತೆ ಚೆಂಡಾಡುತ್ತಿದ್ದಾನೆ. ಚೆಂಡು ಹೋಗಿ ಚಿಕ್ಕತಾಯಿ ರತ್ನಾಜಿಯ ಅರಮನೆಯಲ್ಲಿ ಬೀಳುತ್ತದೆ. ತರಲು ಹೋದ ರಾಮನ ಮೇಲೆ ಅವಳಿಗೆ ಮೋಹ. ಅವನು ತಾಯಿ ಎಂದು ಕರೆದು ಹಿಂದೆ ಸರಿಯುತ್ತಾನೆ. ಅವಳು ಗಂಡನ ಮುಂದೆ ಕಥೆಯನ್ನೇ ತಿರುಗಿಸಿ ಹೇಳುತ್ತಾಳೆ. ಕಂಪಿಲ ಮಗನನ್ನು ಕರೆಸುವುದಿಲ್ಲ, ಒಂದು ಮಾತೂ ಕೇಳುವುದಿಲ್ಲ. ತಲೆ ತೆಗೆಸು ಎಂದು ಮಂತ್ರಿ ಬೈಚಪ್ಪನಿಗೆ ಅಪ್ಪಣೆ ಮಾಡುತ್ತಾನೆ.

ಈ ಕಥೆಯ ಎಳೆ ನಮ್ಮಲ್ಲಿ ಮಾತ್ರ ಇರುವುದಲ್ಲ. ಕ್ರಿಸ್ತಪೂರ್ವ 428ರಲ್ಲಿ ಗ್ರೀಸಿನ ಯೂರಿಪಿಡೀಸ್ ಹಿಪ್ಪೊಲಿಟಸ್ ಎಂಬ ರಾಜಕುಮಾರನ ಮೇಲೆ ನಾಟಕ ಆಡಿಸಿದ. ಅಲ್ಲಿಯೂ ಮಲತಾಯಿಯ ಮೋಹ, ಸುಳ್ಳು ಆರೋಪ, ಅಪ್ಪನ ಆತುರ. ಬೌದ್ಧರ ಕಥೆಗಳಲ್ಲಿ ಮಲತಾಯಿ ತಿಷ್ಯರಕ್ಷಿತೆಯ ಸೇಡಿಗೆ ಕುನಾಲ ಕಣ್ಣು ಕಳೆದುಕೊಳ್ಳುತ್ತಾನೆ. ಆ ಕುನಾಲ ಅಶೋಕನ ಮಗ. ಅದೇ ಅಶೋಕನ ಶಾಸನ ನಮ್ಮ ಕೊಪ್ಪಳದ ಗವಿಮಠದ ಬಂಡೆಯ ಮೇಲಿದೆ, ಪಾಲ್ಕಿಗುಂಡಿನಲ್ಲಿಯೂ ಇದೆ. ಎರಡೂವರೆ ವರ್ಷಕ್ಕೂ ಮೇಲಾಯಿತು ನಾನು ಉಪಾಸಕನಾಗಿ, ಆದರೆ ಮೊದಲು ಒಂದು ವರ್ಷ ಅಷ್ಟಾಗಿ ಶ್ರಮಪಡಲಿಲ್ಲ ಎಂದು ಚಕ್ರವರ್ತಿಯೊಬ್ಬ ಅದರಲ್ಲಿ ಒಪ್ಪಿಕೊಳ್ಳುತ್ತಾನೆ. ಶ್ರಮಪಟ್ಟರೆ ಸಣ್ಣವನಿಗೂ ಸ್ವರ್ಗ ಸಿಗುತ್ತದೆ, ಅದು ದೊಡ್ಡವರ ಸೊತ್ತಲ್ಲ ಎಂದೂ ಹೇಳಿಸುತ್ತಾನೆ. ತನ್ನ ಕೊರತೆಯನ್ನು ಕಲ್ಲಿನಲ್ಲಿ ಕೆತ್ತಿಸಿದ ಅರಸರು ಎಷ್ಟು ಜನ ಸಿಕ್ಕಾರು? ಕೊಪ್ಪಳದ ಮಕ್ಕಳನ್ನು ಆ ಬಂಡೆಯ ಮುಂದೆ ನಿಲ್ಲಿಸಿ ಈ ಮಾತನ್ನು ಓದಿ ಹೇಳಬೇಕು.

ಕುಮ್ಮಟಕ್ಕೆ ಬರೋಣ. ಹಿಪ್ಪೊಲಿಟಸ್ ಸಾಯುತ್ತಾನೆ, ಕುನಾಲ ಕುರುಡನಾಗುತ್ತಾನೆ. ನಮ್ಮ ಕಥೆಯಲ್ಲಿ ರಾಮ ಉಳಿಯುತ್ತಾನೆ, ಉಳಿಸಿದವನು ಬೈಚಪ್ಪ. ಆ ರಾತ್ರಿ ಅವನ ಸ್ಥಿತಿ ಏನಿದ್ದಿರಬೇಕು ನೋಡಿ. ಉಂಡದ್ದು ಅರಸನ ಅನ್ನ. ಅಪ್ಪಣೆ ಮೀರಿದರೆ ಅವನ ತಲೆ ಮಾತ್ರ ಹೋಗುವುದಿಲ್ಲ, ಮನೆತನವೇ ಹೋಗುತ್ತದೆ. ಪಾಲಿಸಿದರೆ ಯಾರೂ ಅವನನ್ನು ದೂರುವುದಿಲ್ಲ. ಅರಸ ಹೇಳಿದ, ಮಂತ್ರಿ ಮಾಡಿದ, ಮುಗಿಯಿತು. ಹಾಗಿದ್ದೂ ಅವನು ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಡುತ್ತಾನೆ, ಬೇರೊಂದು ತಲೆ ತೋರಿಸುತ್ತಾನೆ, ಬಾಯಿ ಮುಚ್ಚಿಕೊಂಡು ಕಾಯುತ್ತಾನೆ. ಮುಂದೆ ದಿಲ್ಲಿಯ ದಂಡು ಬಂದು ಕೋಟೆಗೆ ಮುತ್ತಿದಾಗ, ಮಗನಿಲ್ಲವಲ್ಲ ಎಂದು ಕಂಪಿಲ ಹಲುಬುವಾಗ, ಬೈಚಪ್ಪ ರಾಮನನ್ನು ಹೊರಗೆ ತರುತ್ತಾನೆ. ಅಪ್ಪಣೆಯನ್ನು ಪಾಲಿಸುವವನು ಮತ್ತು ಅರಸನ ಹಿತ ಬಯಸುವವನು ಯಾವಾಗಲೂ ಒಬ್ಬನೇ ಆಗಿರುವುದಿಲ್ಲ. ನನ್ನ ಲೆಕ್ಕದಲ್ಲಿ ಈ ಕಥೆಯ ದೊಡ್ಡ ಧೈರ್ಯ ರಣರಂಗದ್ದಲ್ಲ, ಈ ಮುದಿ ಮಂತ್ರಿಯದು.

ಇನ್ನು ಕಂಪಿಲ. ಅವನನ್ನು ದುಷ್ಟ ಎಂದು ಪಕ್ಕಕ್ಕೆ ಸರಿಸುವುದು ಸುಲಭ, ಆದರೆ ಇತಿಹಾಸ ಅದಕ್ಕೆ ಬಿಡುವುದಿಲ್ಲ. ಸಗರದ ಅಧಿಕಾರಿಯಾಗಿದ್ದ ಬಹಾವುದ್ದೀನ್ ಗುರ್ಶಾಸ್ಪ್, ಸುಲ್ತಾನ ಮಹಮ್ಮದ್ ಬಿನ್ ತುಘಲಕನ ಸಂಬಂಧಿ, ಸುಲ್ತಾನನ ವಿರುದ್ಧ ದಂಗೆ ಎದ್ದು ಸೋತು ಕಂಪಿಲಿ ರಾಜ್ಯಕ್ಕೆ ಓಡಿ ಬಂದ. ಕಂಪಿಲರಾಯ ಆಶ್ರಯ ಕೊಟ್ಟ. ಒಪ್ಪಿಸಿಬಿಟ್ಟಿದ್ದರೆ ರಾಜ್ಯ ಉಳಿಯುತ್ತಿತ್ತೇನೋ, ಒಪ್ಪಿಸಲಿಲ್ಲ. ಕೋಟೆ ನಿಲ್ಲುವುದಿಲ್ಲ ಎಂದು ತಿಳಿದಾಗ ಅತಿಥಿಯನ್ನು ಮತ್ತೊಬ್ಬ ಅರಸನ ಬಳಿಗೆ ಕಳಿಸಿದ. ಅರಮನೆಯ ಹೆಂಗಸರು ಬೆಂಕಿಗೆ ಬಿದ್ದರು, ರಾಯ ಕಾದಾಡಿ ಸತ್ತ. ಆ ಶತಮಾನದಲ್ಲೇ ಭಾರತಕ್ಕೆ ಬಂದ ಇಬ್ನ್ ಬತೂತ ಇದನ್ನು ಬರೆದಿಟ್ಟಿದ್ದಾನೆ. ಈ ಯುದ್ಧ 1327ರ ಸುಮಾರಿನದು. ಗುರ್ಶಾಸ್ಪ್ ಹೋಗಿ ಸೇರಿದ್ದು ಹೊಯ್ಸಳ ಮೂರನೆಯ ಬಲ್ಲಾಳನನ್ನು. ಬಲ್ಲಾಳ ಅವನನ್ನು ಸುಲ್ತಾನನ ಕೈಗೆ ಕೊಟ್ಟ. ಸುಲ್ತಾನ ಅವನ ಚರ್ಮ ಸುಲಿಸಿದ. ಬಲ್ಲಾಳನಿಗೂ ತನ್ನ ಪ್ರಜೆಗಳ ಚಿಂತೆ ಇದ್ದಿರಬೇಕು. ಅವನನ್ನು ಹಳಿಯಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಈ ನಾಡಿನ ಹಾಡು ಹುಟ್ಟಿದ್ದು ಸೋತ ಕುಮ್ಮಟದ ಮೇಲೆ.

ನನ್ನನ್ನು ಕಾಡುವುದು ಇದು. ಪರಕೀಯನಿಗೆ ಕೊಟ್ಟ ಮಾತಿಗಾಗಿ ರಾಜ್ಯವನ್ನೇ ಕಳೆದುಕೊಂಡ ಮನುಷ್ಯ, ಕಾವ್ಯದಲ್ಲಿ ಹೆತ್ತ ಮಗನಿಗೆ ಒಂದು ಗಳಿಗೆ ಕಿವಿ ಕೊಡಲಿಲ್ಲ. ಒಂದೇ ಎದೆಯಲ್ಲಿ ಎರಡೂ ಇದ್ದವು. ಇತಿಹಾಸದ ಪುಸ್ತಕದಲ್ಲಿ ಕಂಪಿಲನಿಗೆ ಸಿಗುವುದು ಒಂದೋ ಎರಡೋ ಸಾಲು. ಅವನ ಇನ್ನೊಂದು ಮುಖವನ್ನು ನಮ್ಮ ಮುಂದೆ ತಂದು ನಿಲ್ಲಿಸಿದ್ದು ಸಾಂಗತ್ಯದ ಕವಿಗಳು.

ಇದೇ ತುಂಗಭದ್ರೆಯ ದಂಡೆಯಲ್ಲಿ ಇನ್ನೊಂದು ಕಥೆ ಇದೆ. ಆನೆಗೊಂದಿಯೇ ಕಿಷ್ಕಿಂಧೆ ಎಂಬುದು ನಮ್ಮ ನಂಬಿಕೆ. ರಕ್ಕಸನನ್ನು ಅಟ್ಟಿಕೊಂಡು ವಾಲಿ ಗುಹೆಗೆ ನುಗ್ಗಿದ. ಬಹುಕಾಲದ ಮೇಲೆ ರಕ್ತ ಹರಿದು ಬಂತು. ಅಣ್ಣ ಸತ್ತನೆಂದು ಸುಗ್ರೀವ ಬಾಗಿಲಿಗೆ ಬಂಡೆ ಇಟ್ಟು ಬಂದ. ವಾಲಿ ಹಿಂದಿರುಗಿದಾಗ ತಮ್ಮ ವಿವರಿಸಿದ, ಕಾಲಿಗೆ ಬಿದ್ದ. ವಾಲಿ ನಂಬಲಿಲ್ಲ, ಹೊರಗಟ್ಟಿದ, ಅವನ ಹೆಂಡತಿಯನ್ನು ಇಟ್ಟುಕೊಂಡ. ಆಮೇಲೆ ವಾಲಿಯನ್ನು ಕೊಂದ ಶ್ರೀರಾಮನ ಬಾಣ ಮರದ ಮರೆಯಿಂದ ಬಂತು ನಿಜ, ಆದರೆ ಅದು ಹೊರಟದ್ದು ಆ ಗುಹೆಯ ಬಾಯಿಂದಲೇ ಎಂದು ನನಗೆ ಅನಿಸುತ್ತದೆ. ಎರಡೂ ಕಥೆಗಳಲ್ಲಿ ಬಲಕ್ಕೆ ಕೊರತೆ ಇರಲಿಲ್ಲ, ಮನೆಯವರ ಮಾತು ಕೇಳುವ ತಾಳ್ಮೆಗೆ ಇತ್ತು.

ಕೇಳುವ ಮಾತು ಬಂದಾಗ ನಮ್ಮದೇ ಸೀಮೆಯ ಒಬ್ಬ ಕವಿ ನೆನಪಾಗುತ್ತಾರೆ. ಹಿಂದಿನ ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ‘ಕಾವ್ಯಾನಂದ’ ಸಿದ್ಧಯ್ಯ ಪುರಾಣಿಕರು ದೊಡ್ಡ ಅಧಿಕಾರಿಯಾಗಿದ್ದವರು, ಅವರಿವರ ಅಹವಾಲು ಕೇಳಿ ನಿರ್ಧಾರ ಮಾಡಬೇಕಾಗಿದ್ದವರು. ‘ಮೊದಲು ಮಾನವನಾಗು’ ಎಂಬ ಕವಿತೆ ಬರೆದದ್ದೂ ಅವರೇ. ಶಾಲೆಯಲ್ಲಿ ಅದನ್ನು ಕಂಠಪಾಠ ಮಾಡಿದವರು ಇಲ್ಲಿ ಬಹಳ ಜನ ಇದ್ದೀರಿ. ಈ ಸಲ ಕಂಪಿಲನನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಕೊನೆಗೆ ಒಂದು ವಿನಂತಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಎಷ್ಟೋ ಜನಪದ ಮಹಾಕಾವ್ಯಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದೆ. ಆದರೂ ಕುಮಾರರಾಮನ ಹಾಡಿನ ತುಣುಕು ಬಲ್ಲ ಅಜ್ಜ ಅಜ್ಜಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರು. ನಿಮ್ಮ ಓಣಿಯಲ್ಲಿ ಅಂಥವರಿದ್ದರೆ ಹೋಗಿ ಕೂತು ಕೇಳಿ, ಮೊಬೈಲಿನಲ್ಲಿ ಧ್ವನಿ ಹಿಡಿದಿಡಿ, ಹಾಡಿದವರ ಹೆಸರು, ಊರು, ತಾರೀಖು ಬರೆದಿಡಿ. ಮುಂದಿನ ಉಪನ್ಯಾಸಕ್ಕೆ ಬರುವಾಗ ಅದನ್ನು ತನ್ನಿ.