ಅಂಗಡಿಯ ಲೆಕ್ಕವೂ ರೆಸ್ಯೂಮೆಯಲ್ಲಿರಲಿ



ಎಂಬಿಎ ಅರ್ಜಿಗೆಂದು ನಮ್ಮ ಮಕ್ಕಳು ಬರೆದ ರೆಸ್ಯೂಮೆಗಳನ್ನು ನಾವು ನೋಡುತ್ತೇವೆ. ಅಂಕ, ಬಹುಮಾನ, ಕ್ರಿಕೆಟ್ ಎಲ್ಲವೂ ಇರುತ್ತವೆ. ಕಾಲೇಜು ಮುಗಿಸಿ ಅಬ್ಬಾನ ಅಂಗಡಿಯಲ್ಲಿ ಲೆಕ್ಕ ಬರೆದದ್ದು ಮಾತ್ರ ಇರುವುದಿಲ್ಲ. ಕೇಳಿದರೆ, "ಅದೇನು ಕೆಲಸವೇ ಸಾರ್?" ಎನ್ನುತ್ತಾರೆ.

ಅದೂ ವ್ಯವಹಾರವೇ, ಮಕ್ಕಳೇ. ಎಷ್ಟು ವರ್ಷ ನೋಡಿಕೊಂಡಿರಿ, ಎಷ್ಟು ಉದ್ರಿ ವಸೂಲಿ ಮಾಡಿದಿರಿ, ನಿಮ್ಮಿಂದ ಏನು ಬದಲಾಯಿತು ಎಂಬುದನ್ನು ಅಂಕಿ ಸಹಿತ ಬರೆಯಿರಿ. ಇತ್ತೀಚಿನದು ಮೊದಲು ಬರಲಿ; ಒಂದು ಪುಟ ಸಾಕು. ಮಾಡದ್ದನ್ನು ಸೇರಿಸಬೇಡಿ. ಕ್ಯಾಟ್ ಅಂಕ ಸಂದರ್ಶನದ ಬಾಗಿಲವರೆಗೆ ತಲುಪಿಸೀತು. ಒಳಗೆ ಅವರು ಈ ಪುಟದ ಯಾವ ಸಾಲನ್ನಾದರೂ ಹಿಡಿದು ಪ್ರಶ್ನೆ ಕೇಳಬಹುದು.

ಕಳುಹಿಸುವ ಮುನ್ನ ನಮ್ಮ ಕಚೇರಿಗೆ ತನ್ನಿ. ಕೂತು ತಿದ್ದೋಣ, ಇನ್‌ಶಾ ಅಲ್ಲಾಹ್.